ದಕ್ಷಿಣ ಕನ್ನಡದ ಮೂರು ಮೊಕದ್ದಮೆಗಳು ಮತ್ತು ನಮ್ಮೂರ ವರಿ ಪುಸ್ತಕ

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಬ್ಯಾಂಕಿನ ಲೆಡ್ಜರಿನಲ್ಲಿ ಇಂಗ್ಲಿಷ್ ಎಂದು ಬದುಕುವ ಜಾತಿ ನಮ್ಮದು. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ನೇಕಾರರ ಊರುಗಳಲ್ಲಿ, ನೆಗಮದಲ್ಲಿ, ಸಿರುಮುಗೈಯಲ್ಲಿ, ದೇವಾಂಗರ ಬೀದಿಗಳಿಗೆ ಬಂದರೆ ಮಗ್ಗದ ಸದ್ದಿನ ನಡುವೆ ನಿಮಗೆ ಕನ್ನಡ ಕೇಳಿಸುತ್ತದೆ. ಅರ್ಧ ತಮಿಳು ಬೆರೆತ, ಕಾಸರಗೋಡಿನವರು ಕೇಳಿದರೆ ನಗಬಹುದಾದ ಕನ್ನಡ ಅದು. ಅಕ್ಷರ ಬಲ್ಲವರು ಕಡಿಮೆ. ನನಗೆ ಅಕ್ಷರ ಬಂದದ್ದು ತಾಯಿಯ ತವರು ಕೊಳ್ಳೇಗಾಲವಾದ್ದರಿಂದ. ಆ ಕೊಳ್ಳೇಗಾಲವೂ 1956ರ ನವೆಂಬರ್ 1ರ ತನಕ ಕೊಯಮತ್ತೂರು ಜಿಲ್ಲೆಯ ಒಂದು ತಾಲೂಕೇ ಆಗಿತ್ತು. ಅದೇ ದಿನ ಅದು ಮೈಸೂರಿಗೆ ಹೋಯಿತು, ನಿಮ್ಮ ಕಾಸರಗೋಡು ಕೇರಳಕ್ಕೆ ಹೋಯಿತು, ನಾವು ಇದ್ದಲ್ಲೇ ಉಳಿದೆವು. ಅದಕ್ಕೆ ಮುಂಚೆ ನಾವೆಲ್ಲ ಮದರಾಸಿನ ಒಂದೇ ಸರಕಾರದ ಪ್ರಜೆಗಳು. ಈ ಮಾತನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ, ಮುಂದೆ ಬರುತ್ತದೆ.

ನಾನು ಇತಿಹಾಸಕಾರನಲ್ಲ. ಅಂಚೆ ಶಿಕ್ಷಣದಲ್ಲಿ ಇತಿಹಾಸದ ಬಿ.ಎ. ಮಾಡಿದ ಬ್ಯಾಂಕ್ ಗುಮಾಸ್ತ. ಈ ವಿಷಯದ ಹಿಂದೆ ಬೀಳುವಂತೆ ಮಾಡಿದವರು ನನ್ನ ದೊಡ್ಡಮ್ಮ.

ನಮ್ಮ ಕುಲದ ದೇವಸ್ಥಾನಕ್ಕೆ ವರ್ಷಕ್ಕೊಮ್ಮೆ ವರಿ ಕೊಡುವುದು ರೂಢಿ. ಮದುವೆಯಾದ ಪ್ರತಿ ಗಂಡಸಿಗೆ ಒಂದು ವರಿ. ಹಣ ದೊಡ್ಡದಲ್ಲ, ಆದರೆ ವರಿ ಪುಸ್ತಕದಲ್ಲಿ ಹೆಸರಿದ್ದ ಮನೆಗೆ ಮಾತ್ರ ಹಬ್ಬದ ಪ್ರಸಾದ, ಸಭೆಯಲ್ಲಿ ಮಾತು, ಮಂಟಪದಲ್ಲಿ ಮದುವೆ ನಡೆಸುವ ಹಕ್ಕು. ದೊಡ್ಡಪ್ಪ ತೀರಿಕೊಂಡ ಮರುವರ್ಷ ದೊಡ್ಡಮ್ಮನ ಮನೆಯ ಹೆಸರಿಗೆ ಗೀಟು ಬಿತ್ತು. ಗಂಡುಮಕ್ಕಳಿಲ್ಲ, ಇಬ್ಬರು ಹೆಣ್ಣುಮಕ್ಕಳು ಕೊಟ್ಟ ಮನೆಯಲ್ಲಿ. ಆಕೆ ಇನ್ನೂ ಮಗ್ಗದ ಮುಂದೆ ಕೂತು ದುಡಿಯುತ್ತಿದ್ದವರು. ವರಿಯ ದುಡ್ಡು ಹಿಡಿದು ಹೋದರೆ ಯಜಮಾನರು ಕೈ ಮುಗಿದು ವಾಪಸು ಕೊಟ್ಟರು. ಬಹಳ ಮರ್ಯಾದೆಯಿಂದಲೇ.

"ಏನು ಮಗಾ, ಸತ್ತದ್ದು ನಿಮ್ಮ ದೊಡ್ಡಪ್ಪನೋ ನಾನೋ?" ಎಂದು ಕೇಳಿದರು ನನ್ನನ್ನು. ನನ್ನಲ್ಲಿ ಉತ್ತರವಿರಲಿಲ್ಲ. ಕಾನೂನು ಓದಿ ನೋಡುತ್ತೇನೆ ಎಂದೆ. ಬ್ಯಾಂಕಿನವನಿಗೆ ಬೇರೆ ಏನು ತೋಚೀತು?

ಓದುತ್ತಾ ಹೋದಂತೆ ಒಂದು ಸಂಗತಿ ನನ್ನನ್ನು ಬೆರಗುಗೊಳಿಸಿತು. ಈ ದೇಶದಲ್ಲಿ ದೇವಸ್ಥಾನ ಯಾರದು, ಮಠದ ಒಳಗೆ ಸರಕಾರ ಎಷ್ಟು ಹೆಜ್ಜೆ ಇಡಬಹುದು, ಗುರುವಿನ ಅಧಿಕಾರ ಎಲ್ಲಿಗೆ ನಿಲ್ಲುತ್ತದೆ ಎಂಬ ಪ್ರಶ್ನೆಗಳಿಗೆ ಸುಪ್ರೀಂ ಕೋರ್ಟು ಕೊಟ್ಟ ಉತ್ತರಗಳಲ್ಲಿ ಮೂರು ದೊಡ್ಡವು ಹುಟ್ಟಿದ್ದು ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ನೆಲದಲ್ಲಿ: ಉಡುಪಿಯ ಶಿರೂರು ಮಠ, ಮೂಲ್ಕಿಯ ವೆಂಕಟರಮಣ ದೇವಸ್ಥಾನ, ನಿಮ್ಮ ಎಡನೀರು.

ಮದರಾಸಿನಲ್ಲಿ ಜಸ್ಟಿಸ್ ಪಕ್ಷದ ಸರಕಾರ, ಪಾನಗಲ್ ರಾಜರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ, 1920ರ ದಶಕದ ನಡುವೆ, ಹಿಂದೂ ಧಾರ್ಮಿಕ ದತ್ತಿ ಕಾಯಿದೆ ತಂದಿತು. ದೇವಸ್ಥಾನ ಮಠಗಳ ಲೆಕ್ಕಕ್ಕೆ ಒಂದು ಬೋರ್ಡು ಬಂತು. ಪರ್ಯಾಯದ ಅನ್ನಸಂತರ್ಪಣೆಯ ಖರ್ಚಿನಿಂದ ಸಾಲಕ್ಕೆ ಬಿದ್ದ ಶಿರೂರು ಮಠಕ್ಕೆ ಆ ಬೋರ್ಡು ಒಬ್ಬ ವ್ಯವಸ್ಥಾಪಕನನ್ನು ಇಡಿಸಿತು. ಲಕ್ಷ್ಮೀಂದ್ರತೀರ್ಥ ಸ್ವಾಮಿಗಳು ಒಪ್ಪದೆ ಮದರಾಸು ಹೈಕೋರ್ಟಿಗೆ ಹೋದರು. ನಡುವೆ 1951ರಲ್ಲಿ ಹೊಸ ಕಾಯಿದೆ ಬಂತು. ಸುಪ್ರೀಂ ಕೋರ್ಟು 1954ರಲ್ಲಿ ತೀರ್ಪು ಕೊಟ್ಟಿತು. ನ್ಯಾಯಮೂರ್ತಿ ಬಿ.ಕೆ. ಮುಖರ್ಜಿಯಾ ಬರೆದ ಆ ತೀರ್ಪಿನ ಸಾರ ಇಷ್ಟು: ಧರ್ಮವೆಂದರೆ ನಂಬಿಕೆ ಮಾತ್ರವಲ್ಲ, ಆಚರಣೆಯೂ ಹೌದು, ಒಂದು ಪಂಥಕ್ಕೆ ಯಾವುದು ಅತ್ಯಗತ್ಯ ಆಚರಣೆ ಎಂಬುದನ್ನು ಆ ಪಂಥದ ತತ್ವದಿಂದಲೇ ತಿಳಿಯಬೇಕು, ಆದರೆ ಆಸ್ತಿಯ ಆಡಳಿತಕ್ಕೆ ಸರಕಾರ ಕಾನೂನು ಮಾಡಬಹುದು. ಕಾಯಿದೆಯ ಹಲವು ಕಲಮುಗಳು ಬಿದ್ದುಹೋದವು. ಸ್ವಾಮಿಗಳು ಗೆದ್ದರು. ಆಮೇಲೆ ಮದರಾಸು ಸರಕಾರ 1959ರಲ್ಲಿ ಇನ್ನೊಂದು ಕಾಯಿದೆ ಮಾಡಿತು, ಇಂದಿಗೂ ನಮ್ಮ ಕಡೆಯ ದೇವಸ್ಥಾನಗಳಿಗೆ ಅದೇ. ಉಡುಪಿ ಮೈಸೂರಿಗೆ ಸೇರಿ ವರ್ಷಗಳಾದ ಮೇಲೂ ಉಡುಪಿಯ ಒಂದು ಮಠದ ಜಗಳದ ನೆರಳು ಪೇರೂರಿನ ಹುಂಡಿಯ ಮೇಲಿದೆ ಎಂದರೆ ನೀವು ನಂಬಬೇಕು.

ಮೂಲ್ಕಿಯದು ಇನ್ನೂ ಹತ್ತಿರದ ವಿಷಯ. 1947ರಲ್ಲಿ ಮದರಾಸು ಸರಕಾರ ದೇವಾಲಯ ಪ್ರವೇಶದ ಕಾಯಿದೆ ಮಾಡಿ ದಲಿತರಿಗೂ ಬಾಗಿಲು ತೆರೆಯಬೇಕೆಂದಿತು. ವೆಂಕಟರಮಣ ದೇವಸ್ಥಾನದವರು, ಇದು ಗೌಡ ಸಾರಸ್ವತರ ಪಂಥದ ದೇವಾಲಯ, ಒಳಗೆ ಯಾರು ಬರಬೇಕೆಂಬುದು ನಮ್ಮ ಧರ್ಮದ ವಿಷಯ, ಎಂದು ವಾದಿಸಿದರು. ಮದರಾಸು ಸರಕಾರದ ಮೇಲೆ ಹೂಡಿದ ದಾವೆ ತೀರ್ಮಾನವಾಗುವಾಗ ಎದುರಾಳಿ ಮೈಸೂರು ಸರಕಾರವಾಗಿತ್ತು. ರಾಜ್ಯ ಬದಲಾಯಿತು, ಬಾಗಿಲ ಮುಂದೆ ನಿಂತವನು ಬದಲಾಗಲಿಲ್ಲ. 1957ರ ನವೆಂಬರಿನಲ್ಲಿ ಕೋರ್ಟು ಹೇಳಿತು: ಹೌದು, ಇದು ನಿಮ್ಮ ಪಂಥದ ದೇವಾಲಯ; ಯಾರು ಪ್ರವೇಶಿಸಬೇಕೆಂಬುದು ಧರ್ಮದ ವಿಷಯವೂ ಹೌದು; ಆದರೂ ಸಾರ್ವಜನಿಕ ದೇವಾಲಯವನ್ನು ಎಲ್ಲ ಹಿಂದೂಗಳಿಗೆ ತೆರೆಯುವ ಕಾನೂನು ಅದಕ್ಕಿಂತ ಮೇಲು. ಕೆಲವು ವಿಶೇಷ ಸೇವೆಗಳನ್ನು ಮಾತ್ರ ಪಂಥದವರು ತಮ್ಮೊಳಗೆ ಉಳಿಸಿಕೊಳ್ಳಬಹುದು, ಬೇರೆಯವರ ಹಕ್ಕು ಹೆಸರಿಗಷ್ಟೇ ಉಳಿಯುವಷ್ಟು ಅಲ್ಲ. ಪರಂಪರೆಯನ್ನು ಅಲ್ಲಗಳೆಯದೆ ಪ್ರಜೆಯ ಹಕ್ಕನ್ನು ಅದರ ಮುಂದೆ ಕೂರಿಸಿದ ತೀರ್ಪು ಇದು. ಮೂರರಲ್ಲಿ ನನಗೆ ಅತ್ಯಂತ ಇಷ್ಟವಾದದ್ದು.

ಎಡನೀರಿನ ಕಥೆಯನ್ನು ನಿಮಗೆ ನಾನು ಹೇಳುವುದು ಕೊಲ್ಲೂರಿನವರಿಗೆ ಮೂಕಾಂಬಿಕೆಯ ಮಹಿಮೆ ಹೇಳಿದಂತೆ. ಯಕ್ಷಗಾನ, ಸಂಗೀತ, ಕನ್ನಡ ಶಾಲೆ ಎಂದೆಲ್ಲ ನೀವು ಹತ್ತಿರದಿಂದ ಕಂಡ ಕೇಶವಾನಂದ ಭಾರತಿ ಸ್ವಾಮಿಗಳನ್ನು ನಾವು ಕಾನೂನಿನ ಪುಸ್ತಕದಲ್ಲಷ್ಟೇ ಕಂಡವರು. ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿ ಪದ್ಧತಿ ಕೊನೆಗೊಂಡು ಮಠದ ಭೂಮಿ ಹೋಗುವ ಹೊತ್ತಿಗೆ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. ನಾನೀ ಪಾಲ್ಖಿವಾಲಾ ವಾದಿಸಿದರು; ಹದಿಮೂರು ನ್ಯಾಯಾಧೀಶರು 68 ದಿನ ಕೇಳಿದರು; 1973ರ ಏಪ್ರಿಲ್ 24ರಂದು ಏಳಕ್ಕೆ ಆರರ ಬಹುಮತದಲ್ಲಿ ತೀರ್ಪು ಬಂತು. ಪಾರ್ಲಿಮೆಂಟು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ರಚನೆಯನ್ನು ಕೆಡಿಸುವಂತಿಲ್ಲ. ಭೂಸುಧಾರಣೆ ಮಾತ್ರ ನಿಂತಿತು. ಸ್ವಾಮಿಗಳಿಗೆ ಭೂಮಿ ಉಳಿಯಲಿಲ್ಲ, ದೇಶಕ್ಕೆ ಸಂವಿಧಾನ ಉಳಿಯಿತು ಎಂದು ಅವರು 2020ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ಎಲ್ಲರೂ ಬರೆದರು.

ಆದರೆ ಗೇಣಿದಾರನ ಕಡೆಯಿಂದ ನೋಡಿದವರು ಕಡಿಮೆ. ಮಠದ ಭೂಮಿ ಉತ್ತ ಒಕ್ಕಲಿಗೂ ಒಂದು ಹಕ್ಕು ಇತ್ತಲ್ಲ? ಗುರುಪೀಠವೊಂದು ತನ್ನ ಆಸ್ತಿಗಾಗಿ ಬಾಗಿಲು ತಟ್ಟಿತು, ಒಳಗಿಂದ ಬಂದದ್ದು ಬೇರೆಯೇ. ಆ ಮೂಲ ರಚನೆಯ ತತ್ವವನ್ನೇ ಹಿಡಿದು 1994ರಲ್ಲಿ, ನಮ್ಮ ಎಸ್.ಆರ್. ಬೊಮ್ಮಾಯಿಯವರ ಹೆಸರಿನ ಮೊಕದ್ದಮೆಯಲ್ಲಿ, ಜಾತ್ಯತೀತತೆಯೂ ಸಂವಿಧಾನದ ಮೂಲ ರಚನೆಗೆ ಸೇರಿದ್ದು ಎಂದು ಒಂಬತ್ತು ನ್ಯಾಯಾಧೀಶರ ಪೀಠ ಹೇಳಿತು. ಸರಕಾರಕ್ಕೆ ಧರ್ಮವಿಲ್ಲ ಎಂಬ ಮಾತಿಗೆ ಒಬ್ಬ ಸನ್ಯಾಸಿಯ ಅರ್ಜಿ ಆಧಾರವಾದದ್ದು!

ಇದು ಕೋರ್ಟಿನ ಕಥೆ. ಕೋರ್ಟಿನ ಹೊರಗೆ ಗುರುಗಳ ಮಾತಿನ ಬಲ ಇನ್ನೊಂದು ಬಗೆಯದು. ವೈಕಂ ಸತ್ಯಾಗ್ರಹ ಶುರುವಾದದ್ದು 1924ರ ಮಾರ್ಚ್ 30ರಂದು, ಗುಡಿಯ ಒಳಗೆ ಹೋಗುವುದಕ್ಕಲ್ಲ, ಸುತ್ತಲ ಬೀದಿಯಲ್ಲಿ ನಡೆಯುವುದಕ್ಕೆ. ನಾಯಕರು ಜೈಲಿಗೆ ಹೋದಾಗ ಅದನ್ನು ನಡೆಸಲು ಹೋದವರು ಈರೋಡಿನ ರಾಮಸ್ವಾಮಿ ನಾಯ್ಕರು, ಪೆರಿಯಾರ್. ಈರೋಡು ಆಗ ಕೊಯಮತ್ತೂರು ಜಿಲ್ಲೆ, ಅವರ ಮನೆಮಾತು ಕನ್ನಡ. ಅತ್ತ ಶ್ರೀ ನಾರಾಯಣ ಗುರುಗಳು ಆ ಸತ್ಯಾಗ್ರಹಕ್ಕೆ ಬೆಂಬಲ ಕೊಟ್ಟರು. ಮಂಗಳೂರಿನ ಕುದ್ರೋಳಿಯಲ್ಲಿ 1912ರಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ ಗುರುಗಳು ಅವರು. ದೇವರನ್ನು ಒಪ್ಪದವನೂ ದೇವರನ್ನು ಪ್ರತಿಷ್ಠಾಪಿಸಿದವನೂ ಒಂದೇ ಬೀದಿಗಾಗಿ ನಿಂತರು.

ಇನ್ನೂ ಸ್ವಾರಸ್ಯ ಇದೆ. ಪೆರಿಯಾರರು 1925ರ ಮೇ ತಿಂಗಳಲ್ಲಿ ಈರೋಡಿನಲ್ಲಿ 'ಕುಡಿಅರಸು' ಪತ್ರಿಕೆ ಹೊರಡಿಸಿದಾಗ ಅದನ್ನು ಉದ್ಘಾಟಿಸಿದವರು ತಿರುಪ್ಪಾದಿರಿಪ್ಪುಲಿಯೂರಿನ ಜ್ಞಾನಿಯಾರ್ ಅಡಿಗಳು, ಒಂದು ವೀರಶೈವ ಮಠದ ಗುರುಗಳು. ತಮಿಳು ನಾಡಿನಲ್ಲಿ ಇಂತಹ ವೀರಶೈವ ಮಠಗಳು ಹಲವು. ನೊಯ್ಯಲ್ ದಂಡೆಯ ಪೇರೂರು ಆಧೀನವೂ ಹಾಗೆಯೇ. ಅದರ ಮೂಲಪುರುಷ ಶಾಂತಲಿಂಗರ ಶಿಷ್ಯ ಕುಮಾರದೇವರು ಕನ್ನಡ ನಾಡಿನ ಅರಸು ಮನೆತನ ಬಿಟ್ಟು ಬಂದವರೆಂದು ಪರಂಪರೆ ಹೇಳುತ್ತದೆ. 2018ರಲ್ಲಿ ಲಿಂಗೈಕ್ಯರಾದ ಪೇರೂರಿನ ಶಾಂತಲಿಂಗ ರಾಮಸಾಮಿ ಅಡಿಗಳು ದೇವಸ್ಥಾನಗಳಲ್ಲಿ ತಮಿಳಿನಲ್ಲಿ ಪೂಜೆ ನಡೆಯಬೇಕೆಂದು ಜೀವಮಾನವಿಡೀ ದುಡಿದರು. ಜನರ ಭಾಷೆಯಲ್ಲಿ ದೇವರೊಡನೆ ಮಾತು ಎಂಬುದು ಬಸವಣ್ಣನವರ ಕಾಲದ ಹಟ. ಅದು ಕನ್ನಡದ ಗಡಿ ದಾಟಿ ಬಂದು ತಮಿಳಿನ ಪರವಾಗಿ ನಿಂತಿತು. ಸಂತೋಷದ ವಿಷಯವೇ. ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಒಂದು ಮಂಗಳಾರತಿಯೂ ಇಲ್ಲವಲ್ಲ ಎಂದು ನನ್ನ ಹೆಂಡತಿ ಹೇಳುವುದೂ ಸುಳ್ಳಲ್ಲ.

ಅರ್ಚಕರ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 1970ರಲ್ಲಿ ಕರುಣಾನಿಧಿ ಸರಕಾರ ವಂಶಪಾರಂಪರ್ಯ ಅರ್ಚಕತ್ವವನ್ನು ತೆಗೆದುಹಾಕಿತು. 1972ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಿತು, ಆದರೆ ಆಗಮದ ನಿಯಮ ಮೀರಬಾರದೆಂದಿತು. ಆ 'ಆದರೆ'ಯಲ್ಲೇ ಐವತ್ತು ವರ್ಷ ಹೋಯಿತು. ತರಬೇತಿ ಪಡೆದ ಎಲ್ಲ ಜಾತಿಯ ಅರ್ಚಕರಿಗೆ ಒಂದು ಗುಂಪಾಗಿ ನೇಮಕಪತ್ರ ಸಿಕ್ಕಿದ್ದು 2021ರ ಆಗಸ್ಟ್ 14ರಂದು.

ಇಷ್ಟೆಲ್ಲ ಓದಿದ ಮೇಲೂ ದೊಡ್ಡಮ್ಮನಿಗೆ ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಮೂಲ್ಕಿಯ ತೀರ್ಪು ಗುಡಿಯ ಬಾಗಿಲ ಮಾತು, ವರಿ ಪುಸ್ತಕದ ಮಾತಲ್ಲ. ವಕೀಲರೊಬ್ಬರನ್ನು ಕೇಳಿದೆ. ಸಿವಿಲ್ ದಾವೆ ಹಾಕಬಹುದು, ಹತ್ತು ವರ್ಷ ಆದೀತು ಎಂದರು. ದೊಡ್ಡಮ್ಮನಿಗೆ ಆಗ ಎಪ್ಪತ್ತೆರಡು.

2015ರ ಹಬ್ಬಕ್ಕೆ ನಮ್ಮ ಊರಿಗೆ ಒಬ್ಬ ಸ್ವಾಮಿಗಳು ಬಂದರು. ಹೆಸರು ಬೇಡ. ಪಾದಪೂಜೆಯ ಸಾಲಿನಲ್ಲಿ ನಿಂತಿದ್ದ ದೊಡ್ಡಮ್ಮ ಸೆರಗಿನ ಗಂಟು ಬಿಚ್ಚಿ, ವರಿಯ ದುಡ್ಡನ್ನು ಅವರ ಪಾದದ ಹತ್ತಿರ ಇಟ್ಟುಬಿಟ್ಟರು. "ಇವರು ತಗೊಳ್ಳಲ್ಲ ಅಂತಾರೆ, ತಾವೇ ತಾಯಿಗೆ ಸೇರಿಸಿಕೊಡಿ" ಎಂದರು. ಸ್ವಾಮಿಗಳು ವಿಚಾರಿಸಿದರು. ಯಜಮಾನರು ಪದ್ಧತಿ ವಿವರಿಸಿದರು. ಸ್ವಾಮಿಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಲಾಳಿ ಎಸೆದ ಕೈ ಗಂಡಸಿನದೋ ಹೆಂಗಸಿನದೋ ಎಂದು ಸೀರೆಯನ್ನು ಕೇಳಿ ನೋಡಿ" ಎಂದರು. ಅಷ್ಟೇ. ಅಲ್ಲಿಯೇ ವರಿ ಪುಸ್ತಕ ತರಿಸಿದರು. ಆ ದಿನ ದೊಡ್ಡಮ್ಮನದೊಂದೇ ಅಲ್ಲ, ಗಂಡ ಹೋದ ಎಲ್ಲ ಹೆಂಗಸರ ಹೆಸರೂ ಪುಸ್ತಕ ಸೇರಿತು. ನನ್ನ ಕಾನೂನು ಪುಸ್ತಕಗಳು ಮಾಡದ ಕೆಲಸ ಅರ್ಧ ಗಂಟೆಯಲ್ಲಿ ಆಯಿತು. ನನ್ನ ಕಣ್ಣಲ್ಲೂ ನೀರು ಬಂತು, ಒಪ್ಪಿಕೊಳ್ಳುತ್ತೇನೆ.

ಮರುವರ್ಷ ವಿಧಾನಸಭಾ ಚುನಾವಣೆ. ಮತದಾನಕ್ಕೆ ಹತ್ತು ದಿನವಿದೆ ಎನ್ನುವಾಗ ಅದೇ ಸ್ವಾಮಿಗಳು ಅದೇ ಮಂಟಪಕ್ಕೆ ಬಂದರು. ಪಕ್ಕದಲ್ಲಿ ಒಬ್ಬ ಅಭ್ಯರ್ಥಿ. ಕುಲದ ಮಾತು ಒಡೆಯಬಾರದು, ಒಡೆದರೆ ತಾಯಿ ಮೆಚ್ಚುವುದಿಲ್ಲ ಎಂದರು. ಯಾರಿಗೆ ಎಂದು ಬಾಯಿ ಬಿಟ್ಟು ಹೇಳಲಿಲ್ಲ; ಹೇಳಬೇಕಾದ ಅಗತ್ಯವೂ ಇರಲಿಲ್ಲ. ದೇವರ ಸಿಟ್ಟಿಗೆ ಗುರಿಯಾಗುತ್ತೀರಿ ಎಂದು ಮತದಾರನನ್ನು ಹೆದರಿಸುವುದು 1951ರ ಪ್ರಜಾಪ್ರತಿನಿಧಿ ಕಾಯಿದೆಯ 123ನೇ ಕಲಮಿನಂತೆ ಭ್ರಷ್ಟ ನಡವಳಿಕೆ. ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ಮತ ಕೇಳುವುದೂ ಅದೇ ಕಲಮಿನಲ್ಲಿದೆ. 2017ರ ಜನವರಿ 2ರಂದು ಏಳು ನ್ಯಾಯಾಧೀಶರ ಪೀಠ ಅದನ್ನು ಇನ್ನೂ ಬಿಗಿ ಮಾಡಿ, ಅಭ್ಯರ್ಥಿಯ ಧರ್ಮ ಮಾತ್ರವಲ್ಲ, ಮತದಾರನ ಧರ್ಮ ಜಾತಿ ಭಾಷೆ ಹಿಡಿದು ಕೇಳಿದರೂ ತಪ್ಪೇ ಎಂದಿತು. ನಾಲ್ಕಕ್ಕೆ ಮೂರರ ತೀರ್ಪು. ಭಿನ್ನಮತದ ಮೂವರು, ಜಾತಿ ಭಾಷೆಗಳ ಕಾರಣಕ್ಕೇ ತುಳಿತಕ್ಕೆ ಒಳಗಾದವರು ತಮ್ಮ ಕಷ್ಟವನ್ನು ಚುನಾವಣೆಯಲ್ಲಿ ಹೇಳಿಕೊಳ್ಳಬಾರದೇ ಎಂದು ಕೇಳಿದರು. ಗಡಿನಾಡಿನ ನಮಗೆ ನಿಮಗೆ ಆ ಪ್ರಶ್ನೆ ಚೆನ್ನಾಗಿ ಅರ್ಥವಾಗುತ್ತದೆ.

1959ರಲ್ಲಿ ಕೇರಳದಲ್ಲಿ ಚರ್ಚೂ ನಾಯರ್ ಸರ್ವಿಸ್ ಸೊಸೈಟಿಯೂ ಸೇರಿ ವಿಮೋಚನಾ ಸಮರ ನಡೆಸಿ, ಇ.ಎಂ.ಎಸ್. ಸರಕಾರ ವಜಾ ಆದದ್ದನ್ನು ನಿಮ್ಮ ಹಿರಿಯರು ಕಂಡಿದ್ದಾರೆ. ಅದರ ಮುಂದೆ ನಮ್ಮ ಮಂಟಪದ ಮಾತು ಏನೂ ಅಲ್ಲ. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ದೊಡ್ಡಮ್ಮನ ಹೆಸರನ್ನು ಪುಸ್ತಕಕ್ಕೆ ಸೇರಿಸಿದ್ದು ಯಾವ ಬಲವೋ, ನನ್ನ ಮತವನ್ನು ಕೇಳಿದ್ದೂ ಅದೇ ಬಲ. ಮೊದಲನೆಯದಕ್ಕೆ ಕೈ ಮುಗಿದವನು ಎರಡನೆಯದಕ್ಕೆ ಯಾವ ಬಾಯಿಂದ ಬೇಡವೆನ್ನಲಿ? ಸಭೆಯಲ್ಲಿ ನಾನು ಏಳಲಿಲ್ಲ. ಬ್ಯಾಂಕ್ ನೌಕರನಿಗೆ ರಾಜಕೀಯ ಯಾಕೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಮತದಾನದ ದಿನ ದೊಡ್ಡಮ್ಮನನ್ನು ಶಾಲೆಯ ಬೂತಿಗೆ ಕರೆದುಕೊಂಡು ಹೋದವನು ನಾನೇ. ಬೆರಳಿಗೆ ಮಸಿ ಹಾಕಿಸಿಕೊಂಡು ಹೊರಗೆ ಬಂದರು. ಸ್ಕೂಟರ್ ಹತ್ತುವಾಗ, "ಸ್ವಾಮಿಗಳು ಹೇಳಿದಂತೆ ಹಾಕಿದಿರಾ ದೊಡ್ಡಮ್ಮ?" ಎಂದು ಕೇಳಿಬಿಟ್ಟೆ.

"ವರಿ ಕೊಟ್ಟಿದ್ದು ತಾಯಿಗೆ, ಅದಕ್ಕೆ ರಸೀದಿ ಇದೆ. ಇದಕ್ಕೆ ರಸೀದಿ ಕೊಡಲ್ಲ ಅಲ್ವಾ? ಸುಮ್ಮನೆ ಗಾಡಿ ಬಿಡು" ಎಂದರು.