ಮಿಡಿ, ಎಳೆಗಾಯಿ, ಹಣ್ಣು: ಸೌತೆಯ ತಳಿ ಆಯ್ಕೆ ಮತ್ತು ಬೀಜದ ಒಡೆತನ

ಸೌತೆಯ ಮೂಲ ನೆಲೆ ಭಾರತವೆಂದು ಸಸ್ಯವಿಜ್ಞಾನಿ ಆಲ್ಫೋನ್ಸ್ ದ ಕಾಂಡೋಲ್ 1880ರ ದಶಕದಲ್ಲಿಯೇ ಗುರುತಿಸಿದ್ದನು. ಜಗತ್ತಿನ 115 ಸೌತೆ ಮಾದರಿಗಳ ವಂಶವಾಹಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನು ಸಮರ್ಥಿಸಿದೆ. ಹಿಮಾಲಯದ ತಪ್ಪಲಿನ ಕಾಡುಸೌತೆ ಗಾತ್ರದಲ್ಲಿ ಚಿಕ್ಕದು, ರುಚಿಯಲ್ಲಿ ಕಡುಕಹಿ. ಅದು ತಿನ್ನುವ ಕಾಯಿಯಾದದ್ದು ಕಹಿಯಾದುದನ್ನು ಬಿಟ್ಟು, ರುಚಿಯಾದುದರ ಬೀಜವನ್ನು ಉಳಿಸಿಕೊಂಡ ಅನಾಮಿಕ ಬೇಸಾಯಗಾರರಿಂದ. ಆದ್ದರಿಂದ ಸೌತೆಯ ಚರಿತ್ರೆಯೆಂದರೆ ಮುಖ್ಯವಾಗಿ ಆಯ್ಕೆಯ ಚರಿತ್ರೆ. ಕಾಯಿಯನ್ನು ಬಳ್ಳಿಯಿಂದ ಯಾವ ಹಂತದಲ್ಲಿ ಕೊಯ್ಯಲಾಗುತ್ತದೆ ಎಂಬುದು ಅದರ ಬೀಜ ಯಾರ ಕೈಯಲ್ಲಿ ಉಳಿಯುತ್ತದೆ ಎಂಬುದನ್ನೂ ಬಹುಮಟ್ಟಿಗೆ ನಿರ್ಧರಿಸಿದೆ.

ಕರಾವಳಿ ಮತ್ತು ಮಲೆನಾಡಿನ ಜನಪದ ವರ್ಗೀಕರಣವು ಬಳಕೆಯನ್ನು ಆಧರಿಸಿದೆ. ಹಸಿಯಾಗಿ ತಿನ್ನುವುದು ಮುಳ್ಳುಸೌತೆ. ಬೇಯಿಸಿ ಉಣ್ಣುವುದು ಸಾಂಬಾರು ಸೌತೆ ಅಥವಾ ಮಂಗಳೂರು ಸೌತೆ. ಎರಡನೆಯದನ್ನು ಉತ್ತರ ಕನ್ನಡ ಮತ್ತು ಮಲೆನಾಡಿನಲ್ಲಿ ಮೊಗೆಕಾಯಿ ಎನ್ನುತ್ತಾರೆ. ಕೊಂಕಣಿಯಲ್ಲಿ ಮೊದಲನೆಯದು ತೌಶೆ, ಎರಡನೆಯದು ಮಗ್ಗೆ. ಸಸ್ಯವಿಜ್ಞಾನವು ಸಾಂಬಾರು ಸೌತೆಯನ್ನು ಕರಬೂಜದ ಪ್ರಭೇದಕ್ಕೆ ಸೇರಿಸುತ್ತದೆ. ಮುಳ್ಳುಸೌತೆಯ ವರ್ಣತಂತುಗಳು 7 ಜೊತೆ, ಕರಬೂಜದವು 12 ಜೊತೆ. ಇವೆರಡೂ ಪರಸ್ಪರ ಬೆರೆಯುವುದಿಲ್ಲ. ಕನ್ನಡವು ಒಂದೇ ‘ಸೌತೆ’ ಪದದಡಿಯಲ್ಲಿ ತಂದ ಎರಡು ಪ್ರಭೇದಗಳನ್ನು ಕೊಂಕಣಿಯು ಬೇರೆಬೇರೆ ಹೆಸರುಗಳಿಂದ ಪ್ರತ್ಯೇಕಿಸಿರುವುದು ಗಮನಾರ್ಹವಾಗಿದೆ.

ಮುಳ್ಳುಸೌತೆಯ ಆಯ್ಕೆಯಲ್ಲಿ ತೆಳುಸಿಪ್ಪೆ, ಗರಿಗರಿತನ ಹಾಗೂ ಕಹಿಯಿಲ್ಲದಿರುವುದು ಮುಖ್ಯ ಮಾನದಂಡಗಳು. ಬೀಜ ಬಲಿಯುವ ಮುನ್ನವೇ ಕೊಯ್ದ ಎಳೆಗಾಯಿ ಹೆಸರುಬೇಳೆಯ ಕೋಸಂಬರಿಗೆ ಸಲ್ಲುತ್ತದೆ. ಬಯಲುಸೀಮೆಯಲ್ಲಿ ಜೋಳದ ರೊಟ್ಟಿಗೆ ಜೊತೆಯಾಗುತ್ತದೆ. ಬಲಿತದ್ದು ಕರಾವಳಿಯಲ್ಲಿ ದೋಸೆಗೂ ಕೊಟ್ಟಿಗೆಗೂ ಒದಗುತ್ತದೆ. ಎಳೆಗಾಯಿಯನ್ನೇ ತಿನ್ನುವುದರಿಂದ ಬೀಜಕ್ಕೆಂದು ಒಳ್ಳೆಯ ಕಾಯೊಂದನ್ನು ಬಳ್ಳಿಯಲ್ಲಿಯೇ ಹಣ್ಣಾಗಲು ಬಿಡಬೇಕಾಗುತ್ತದೆ. ಆ ಬೀಜಗಳಿಗೆ ಬೂದಿ ಬೆರೆಸಿಡುವ, ಸಗಣಿಯೊಡನೆ ಗೋಡೆಗೆ ತಟ್ಟಿಡುವ ವಿಧಾನಗಳು ಗ್ರಾಮೀಣ ಪರಂಪರೆಯಲ್ಲಿವೆ.

ಸಾಂಬಾರು ಸೌತೆಯ ಕ್ರಮ ಬೇರೆ. ಭತ್ತದ ಕೊಯ್ಲಿನ ನಂತರ ಗದ್ದೆಯಲ್ಲಿ ಬೆಳೆದ ಕಾಯಿಯನ್ನು ಬಣ್ಣ ತಿರುಗಿದ ಮೇಲೆ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಜಂತಿಗೆ ತೂಗುಹಾಕುತ್ತಾರೆ. ತರಕಾರಿ ದುರ್ಲಭವಾದ ಮಳೆಗಾಲದಲ್ಲಿ ಅದೇ ಆಧಾರ. ಇಲ್ಲಿ ರುಚಿಯಷ್ಟೇ ಬಾಳಿಕೆಯೂ ಮುಖ್ಯ. ತಿಂಗಳುಗಟ್ಟಲೆ ಕೊಳೆಯದೆ ಉಳಿದ ಕಾಯಿಯನ್ನು ಹೆಚ್ಚುವಾಗ ದೊರೆಯುವ ಬಲಿತ ಬೀಜವೇ ಮುಂದಿನ ಬಿತ್ತನೆಗೂ ಆಗುವುದರಿಂದ ಬಾಳಿಕೆಯ ಗುಣವುಳ್ಳ ತಳಿ ಅಡುಗೆಮನೆಯಲ್ಲಿಯೇ ಆಯ್ಕೆಗೊಳ್ಳುತ್ತದೆ.

ಕನ್ನಡ ನಾಡಿನ ಉಪ್ಪಿನಕಾಯಿ ಪರಂಪರೆಯಲ್ಲಿ ಮಾವಿನ ಮಿಡಿ ಮತ್ತು ನಿಂಬೆಗಿರುವ ಸ್ಥಾನ ಸೌತೆಗಿಲ್ಲ. ಉಪ್ಪುನೀರು ಅಥವಾ ವಿನೆಗರ್‌ನಲ್ಲಿ ಹಾಕುವ ಮಿಡಿಸೌತೆ, ಅಂದರೆ ಗೆರ್ಕಿನ್, 1990ರ ದಶಕದ ಆರಂಭದಲ್ಲಿ ಯುರೋಪ್ ಮತ್ತು ಅಮೆರಿಕದ ಮಾರುಕಟ್ಟೆಗಾಗಿ ಕರ್ನಾಟಕಕ್ಕೆ ಬಂದ ರಫ್ತು ಬೆಳೆ. ಅದು ನಂತರ ನೆರೆಯ ರಾಜ್ಯಗಳಿಗೂ ಹರಡಿತು. ಕೇಂದ್ರ ವಾಣಿಜ್ಯ ಸಚಿವಾಲಯವು 2022ರ ಜನವರಿಯಲ್ಲಿ ನೀಡಿದ ಮಾಹಿತಿಯಂತೆ ಸುಮಾರು 90,000 ಸಣ್ಣ ಮತ್ತು ಅತಿಸಣ್ಣ ರೈತರು 65,000 ಎಕರೆಗಳಲ್ಲಿ ಇದನ್ನು ಬೆಳೆಯುತ್ತಿದ್ದರು. 2020-21ರ ರಫ್ತು 2,23,515 ಟನ್‌ಗಳಷ್ಟಿತ್ತು. ಒಪ್ಪಂದದ ಬೇಸಾಯವಾದ್ದರಿಂದ ಬೀಜವನ್ನು ಕಂಪನಿಯೇ ಕೊಡುತ್ತದೆ. ಕಾಯಿ ಚಿಕ್ಕದಾದಷ್ಟೂ ಬೆಲೆ ಹೆಚ್ಚು. ಒಂದು ದಿನ ತಡವಾದರೂ ದರ್ಜೆ ಇಳಿಯುತ್ತದೆ. ತಳಿಯನ್ನು ನಿರ್ಧರಿಸುವುದು ಬೆಳೆಗಾರನ ನಾಲಿಗೆಯಲ್ಲ, ದೂರದೇಶದ ಬಾಟಲಿಯ ಅಳತೆ. ಬೀಜ ಬಲಿಯುವ ಎಷ್ಟೋ ಮುಂಚೆಯೇ ಕೊಯ್ಲು ಮುಗಿಯುತ್ತದೆ. ಕಾಯಿ ಬಲಿಯಲು ಬಿಟ್ಟರೂ ಸಂಕರ ತಳಿಯ ಬೀಜದಿಂದ ಅದೇ ಗುಣದ ಬೆಳೆ ಬರುವುದಿಲ್ಲ.

ಈ ವ್ಯವಹಾರಕ್ಕೆ ಹಿಂದಿನದೊಂದು ಅಧ್ಯಾಯವಿದೆ. ಅಮೆರಿಕದ ಸೌತೆ ಬೆಳೆಯನ್ನು ಬೂಜುರೋಗ ಕಾಡುತ್ತಿದ್ದಾಗ ಭಾರತದಿಂದ ಸಂಗ್ರಹಿಸಿದ್ದ ತಳಿಯೊಂದರಲ್ಲಿ ರೋಗನಿರೋಧಕ ಗುಣ ಕಂಡುಬಂದುದು 1954ರಲ್ಲಿ ವರದಿಯಾಯಿತು. ಸಂಗ್ರಹದ ದಾಖಲೆಯಲ್ಲಿ ಅದರ ಗುರುತು ಪಿಐ 197087 ಎಂಬ ಸಂಖ್ಯೆ. 1966ರಲ್ಲಿ ಬಿಡುಗಡೆಯಾದ ‘ಪಾಯಿನ್ಸೆಟ್’ ಎಂಬ ಹಸಿ ತಿನ್ನುವ ತಳಿಗೂ, ಅನೇಕ ಉಪ್ಪಿನಕಾಯಿ ತಳಿಗಳಿಗೂ ಆ ಗುಣ ಹರಿಯಿತು. 2004ರಲ್ಲಿ ರೋಗಾಣುವಿನ ಹೊಸ ರೂಪ ತಲೆದೋರುವವರೆಗೆ ಅದು ಅಲ್ಲಿನ ಬೆಳೆಯನ್ನು ಕಾಯ್ದಿತ್ತು. ಭಾರತದ ಬೇಸಾಯಗಾರರು ಕಾಪಾಡಿಕೊಂಡು ಬಂದ ಬೀಜದ ಗುಣವು ಅನ್ಯದೇಶದ ಉದ್ಯಮಕ್ಕೆ ಆಸರೆಯಾದುದು ಹೀಗೆ.

ಮಿಡಿಸೌತೆಯು ಒಣಭೂಮಿಯ ರೈತರಿಗೆ ಮೂರು ತಿಂಗಳಲ್ಲಿ ಹಣ ತರುವ ಬೆಳೆಯೆಂಬುದು ನಿರ್ವಿವಾದ. ಆದರೆ 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು ಬೀಜವನ್ನು ಉಳಿಸುವ, ಬಿತ್ತುವ, ವಿನಿಮಯ ಮಾಡುವ ಹಕ್ಕನ್ನು ರೈತರಿಗೆ ನೀಡಿದ್ದರೂ, ಬೀಜವೇ ಬಲಿಯದ ಹೊಲದಲ್ಲಿ ಆ ಹಕ್ಕು ಚಲಾವಣೆಗೆ ಬರಲಾರದು. ಬಳ್ಳಿಯಲ್ಲಿ ಬಿಟ್ಟ ಒಂದು ಕಾಯಿ ಮತ್ತು ಜಂತಿಗೆ ಕಟ್ಟಿದ ಸಾಲು ಕಾಯಿಗಳು ಆ ಹಕ್ಕಿನ ಜೀವಂತ ರೂಪಗಳು. ತಳಿಗಳ ಹೆಸರು, ರುಚಿ, ಬಾಳಿಕೆ ಮತ್ತು ಬೀಜ ಕಾಯುವ ವಿಧಾನಗಳನ್ನು ಊರೂರಿನಲ್ಲಿ ದಾಖಲಿಸುವ ಕೆಲಸವನ್ನು ಜಾನಪದ ಅಧ್ಯಯನವು ಹಾಡು-ಕಥೆಗಳ ಸಂಗ್ರಹದಷ್ಟೇ ಮಹತ್ವದ ಹೊಣೆಯೆಂದು ಪರಿಗಣಿಸಬೇಕಾಗಿದೆ.