ಪಂಪ್‌ಸೆಟ್ ಸ್ಟಾರ್ಟರಿನ ಒಳಗಿನ ಚರಿತ್ರೆ

ಪಂಪ್‌ಮನೆಯ ಗೋಡೆಯ ಮೇಲಿನ ತಗಡಿನ ಪೆಟ್ಟಿಗೆಯನ್ನು ನೀವೆಲ್ಲರೂ ನೋಡಿರುತ್ತೀರಿ. ಹಸಿರು ಗುಂಡಿ ಒತ್ತಿದರೆ ನೀರು, ಕೆಂಪು ಗುಂಡಿ ಒತ್ತಿದರೆ ನಿಲುಗಡೆ. 'ಸ್ಟಾರ್ಟರ್ ಹಿಡೀತಿಲ್ಲ' ಎಂಬ ದೂರು ಹಳ್ಳಿಗಳಲ್ಲಿ ಹೊಸದಲ್ಲ. ಆ ಪೆಟ್ಟಿಗೆಯ ಒಂದೊಂದು ಭಾಗವೂ ಏಕೆ ಬಂತೆಂದು ತಿಳಿದರೆ ದೋಷ ಹುಡುಕುವ ಕೆಲಸ ಅರ್ಧ ಮುಗಿದಂತೆ.

ತಿರುಗುವ ಕಾಂತಕ್ಷೇತ್ರದ ತತ್ತ್ವವನ್ನು ಇಟಲಿಯ ಫೆರಾರಿಸ್ ಹಾಗೂ ಅಮೆರಿಕದಲ್ಲಿದ್ದ ನಿಕೊಲ ಟೆಸ್ಲಾ 1888ರಲ್ಲಿ ಬೇರೆ ಬೇರೆಯಾಗಿ ಪ್ರಕಟಿಸಿದರು. ಮರುವರ್ಷ ಜರ್ಮನಿಯಲ್ಲಿ ಡೊಲಿವೊ-ಡೊಬ್ರೊವೊಲ್‌ಸ್ಕಿ ಮೂರು ಫೇಸ್‌ಗಳ ಮೋಟಾರನ್ನು ರೂಪಿಸಿದ. 1891ರ ಫ್ರಾಂಕ್‌ಫರ್ಟ್ ಪ್ರದರ್ಶನಕ್ಕೆ 175 ಕಿಲೋಮೀಟರ್ ದೂರದ ಲಾಫೆನ್‌ನಿಂದ ವಿದ್ಯುತ್ತು ಹರಿದು ಬಂತು. ಅಲ್ಲಿ ಒಂದು ಮೋಟಾರು ಕೃತಕ ಜಲಪಾತಕ್ಕೆ ನೀರೆತ್ತಿತು. ನಮ್ಮ ಪಂಪ್‌ಸೆಟ್‌ಗಳ ಮೂಲಪುರುಷ ಅದೇ ಎಂದರೆ ತಪ್ಪಾಗದು!

ಈ ಮೋಟಾರು ಗಟ್ಟಿಮುಟ್ಟಾದದ್ದು. ಆದರೆ ಹೊರಡುವಾಗ ಅದು ಮಾಮೂಲಿನ ಐದಾರು ಪಟ್ಟು ಪ್ರವಾಹವನ್ನು ಎಳೆಯುತ್ತದೆ. ಆಗ ಕರಗದಂಥ ಫ್ಯೂಸು, ಓಡುವಾಗಿನ ಅಲ್ಪ ಮಿತಿಮೀರಿಕೆಗೂ ಕರಗುವುದಿಲ್ಲ. ನಿಧಾನವಾಗಿ ಕಾಯುವ, ಅನಂತರ ಕಡಿಯುವ ಸಾಧನ ಬೇಕಾಯಿತು. ಅದಕ್ಕೆ ಒದಗಿದ್ದು ದ್ವಿಲೋಹ ಪಟ್ಟಿ. ಜಾನ್ ಹ್ಯಾರಿಸನ್ 18ನೇ ಶತಮಾನದಲ್ಲಿ ಹಡಗಿನ ಗಡಿಯಾರಕ್ಕೆಂದು ಬಳಸಿದ ಪಟ್ಟಿ ಇಂದು ನಮ್ಮ ಓವರ್‌ಲೋಡ್ ರಿಲೇಯಲ್ಲಿದೆ.

ಇನ್ನೊಂದು ಭಾಗ ನೋವೋಲ್ಟ್ ಕಾಯಿಲ್. ಇದೊಂದು ವಿದ್ಯುತ್ಕಾಂತ. ಕರೆಂಟು ಹೋದೊಡನೆ ಇದರ ಹಿಡಿತ ಸಡಿಲಿ ಸ್ಪ್ರಿಂಗು ಸಂಪರ್ಕ ಬಿಡಿಸುತ್ತದೆ. ಕರೆಂಟು ಮರಳಿದಾಗ ಮೋಟಾರು ತಾನಾಗಿ ಹೊರಡದು. ಬೆಲ್ಟಿನ ಮೇಲೆ ಕೈಯಿಟ್ಟವರ ಜೀವ ಉಳಿಯುವುದು ಇದರಿಂದಲೇ.

ಈಗ ದೋಷಗಳಿಗೆ ಬರೋಣ. ಗುಂಡಿ ಒತ್ತಿದಷ್ಟು ಹೊತ್ತು ಓಡಿ, ಬಿಟ್ಟೊಡನೆ ನಿಂತರೆ ಕಾಯಿಲ್ ಸರಿಯಿದೆ. ಅದನ್ನು ಹಿಡಿದಿಡುವ ಸಹಾಯಕ ಸಂಪರ್ಕವೋ ಅದರ ವೈರೋ ಕೆಟ್ಟಿದೆ. ಒತ್ತಿದರೂ ಸದ್ದೇ ಇಲ್ಲವೆಂದರೆ ಕಾಯಿಲ್‌ಗೆ ಕರೆಂಟು ತಲುಪುತ್ತಿಲ್ಲ. ರಿಲೇ ಬಿದ್ದಿರಬಹುದು, ಕೆಂಪು ಗುಂಡಿಯ ಸಂಪರ್ಕ ಕೂಡದಿರಬಹುದು. ಕಾಯಿಲ್ ಹಿಡಿದರೂ ಮೋಟಾರು ತಿರುಗದೆ ಗುಂಯ್‌ಗುಟ್ಟಿದರೆ ಒಡನೆ ನಿಲ್ಲಿಸಿ. ಸಾಮಾನ್ಯವಾಗಿ ಕಾಯಿಲ್ ಎರಡು ಫೇಸ್‌ಗಳ ನಡುವೆ ಇರುತ್ತದೆ. ಮೂರನೆಯದು ಹೋಗಿರುವುದು ಅದಕ್ಕೆ ತಿಳಿಯದು. ಓಡುತ್ತಿರುವಾಗ ಹೀಗಾದರೆ ಮೋಟಾರು ಓಡುತ್ತಲೇ ಇರುತ್ತದೆ. ಉಳಿದೆರಡು ತಂತಿಗಳಲ್ಲಿ ಪ್ರವಾಹ ಸುಮಾರು 1.7 ಪಟ್ಟಾಗಿ ಸುರುಳಿ ಸುಡುತ್ತದೆ. ಆಗ ಕಾಪಾಡಬೇಕಾದದ್ದು ಅದೇ ದ್ವಿಲೋಹ ಪಟ್ಟಿ. ಪರೀಕ್ಷಿಸುವ ಮುನ್ನ ಮುಖ್ಯ ಸ್ವಿಚ್ಚು ತೆಗೆದು ಫ್ಯೂಸ್ ಕಳಚುವುದು, ತೆರೆದ ಪೆಟ್ಟಿಗೆಯನ್ನು ಬಲ್ಲವರಿಗೇ ಬಿಡುವುದು ಕಡ್ಡಾಯ.

ನಮ್ಮಲ್ಲಿ ಆದದ್ದೇನು? ಪಂಪ್‌ಸೆಟ್‌ಗಳಿಗೆ ಮೂರು ಫೇಸ್ ವಿದ್ಯುತ್ತು ನಿಗದಿತ ಗಂಟೆಗಳಲ್ಲಷ್ಟೇ, ಎಷ್ಟೋ ಸಲ ನಡುರಾತ್ರಿ ಬಂತು. ರೈತ ನಿದ್ದೆಗೆಟ್ಟು ಎಷ್ಟು ದಿನ ಕಾದಾನು? ಗುಂಡಿಗೆ ಕಡ್ಡಿ ಸಿಕ್ಕಿಸಿದ, ಪದೇ ಪದೇ ಬೀಳುವ ರಿಲೇಯ ತಿರುಪು ಏರಿಸಿದ, ಕೆಪ್ಯಾಸಿಟರ್ ಕೂಡಿಸಿ ಎರಡೇ ಫೇಸ್‌ಗಳಲ್ಲಿ ಓಡಿಸಿದ. ಬೇಕಿದ್ದುದು ನೀರು, ಸುಟ್ಟದ್ದು ಮೋಟಾರು. ದೋಷವನ್ನು ಅವನ ಅಜ್ಞಾನಕ್ಕಷ್ಟೇ ಕಟ್ಟುವುದು ನ್ಯಾಯವಲ್ಲ. ಮೂರೂ ಫೇಸ್‌ಗಳನ್ನು ನೋಡಿ, ಅವು ಸರಿಯಿದ್ದರೆ ಮಾತ್ರ, ಅದೂ ಕೊಂಚ ತಡೆದು ಮೋಟಾರನ್ನು ಹೊರಡಿಸುವ ಎಲೆಕ್ಟ್ರಾನಿಕ್ ಆಟೋ ಸ್ಟಾರ್ಟರುಗಳು ಬಂದದ್ದು ಅನಂತರ. ಆದರೆ ಇವು ಮೋಟಾರನ್ನು ತಾವಾಗಿ ಹೊರಡಿಸುತ್ತವೆ. ಹಾಗಾಗಿ ಪಂಪಿಗೆ ಕೈಹಾಕುವ ಮುನ್ನ ಮುಖ್ಯ ಸ್ವಿಚ್ಚನ್ನು ತೆಗೆಯುವುದು ಈಗ ಮೊದಲಿಗಿಂತಲೂ ಅಗತ್ಯ.