ಪಂಜರದ ಖಂಡೇರಾಯ

ದ್ರೋಹ ಅಂದ ಕೂಡಲೆ ನಮ್ಮವರ ಬಾಯಿಗೆ ಬರುವ ಹೆಸರು ಮೀರ್ ಸಾದಿಕ್. ಅದಕ್ಕೂ 39 ವರ್ಷ ಮೊದಲು, 1760ರಲ್ಲಿ, ಟಿಪ್ಪುವಿನ ತಂದೆ ಹೈದರಾಲಿಗೇ ಒಂದು ದ್ರೋಹವಾಗಿತ್ತು. ಅದರ ಒಂದು ತುದಿ ನಮ್ಮ ಅಂಚೆಟ್ಟಿ ಬೆಟ್ಟದಲ್ಲಿದೆ.

ಖಂಡೇರಾಯ ಹೈದರನ ಲೆಕ್ಕದವನು. ಹೈದರನಿಗೆ ಓದುಬರಹ ಬಾರದು. ಹಣ, ಕಾಗದ, ಪತ್ರ ಎಲ್ಲಾ ಇವನ ಕೈಲಿ. 1755ರಲ್ಲಿ ಹೈದರ ಫೌಜುದಾರನಾಗಿ ದಿಂಡಿಗಲ್ಲಿಗೆ ಹೋದಾಗ ಶ್ರೀರಂಗಪಟ್ಟಣದಲ್ಲಿ ಅವನ ಪರವಾಗಿ ನಿಂತವನೂ ಇವನೇ. ತನ್ನನ್ನು ಮೇಲಕ್ಕೆ ತಂದ ಕಳಲೆ ನಂಜರಾಜಯ್ಯನನ್ನು ಹೈದರ ಅಧಿಕಾರದಿಂದ ಇಳಿಸಿದಾಗ ಇಬ್ಬರೂ ಒಂದೇ. ಖಂಡೇರಾಯ ಪ್ರಧಾನನಾದ. ಅಲ್ಲಿಂದ ಶುರುವಾಯ್ತು ಒಳಗುದಿ. ರಾಜ್ಯದ ಹುಟ್ಟುವಳಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೈದರನ ದಂಡಿಗೇ ಹೋಗುತ್ತಿತ್ತು. ಬರಿದಾಗುವ ಬೊಕ್ಕಸದ ಲೆಕ್ಕ ಬರೆಯಬೇಕಾದವನು ಖಂಡೇರಾಯ. ಇದನ್ನ ಬರೀ ಹೊಟ್ಟೆಕಿಚ್ಚು ಅನ್ನೋಕೆ ನನಗೆ ಮನಸ್ಸು ಬಾರದು. ಧರ್ಮರಾಯನ ಗುಡಿ ಮುಂದೆ ಆಡುವ ಭಾರತದಲ್ಲಿ ಕರ್ಣನಿಗೆ ಒಡೆಯ ಒಬ್ಬನೇ. ಖಂಡೇರಾಯ ಇಬ್ಬರ ಉಪ್ಪು ತಿಂದಿದ್ದ: ಒಬ್ಬ ಹೈದರ, ಇನ್ನೊಬ್ಬ ಅರಸ ಇಮ್ಮಡಿ ಕೃಷ್ಣರಾಜ ಒಡೆಯರು.

ಹೈದರನ ಸೈನ್ಯದ ದೊಡ್ಡ ಪಾಲು ಅವನ ಭಾವಮೈದುನ ಮಖ್ದೂಮನ ಜೊತೆ ಪುದುಚೇರಿ ಕಡೆ ಹೋಗಿತ್ತು. ಆಗಸ್ಟ್ ತಿಂಗಳಲ್ಲಿ, ಅರಮನೆಯ ಒಪ್ಪಿಗೆ ಪಡೆದು, ಖಂಡೇರಾಯ ಕೋಟೆಯ ಫಿರಂಗಿಗಳನ್ನು ಹೈದರನ ಮೇಲೆ ತಿರುಗಿಸಿದ. ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟು, ರಾತ್ರಿ ಕಾವೇರಿ ದಾಟಿ, ಹೈದರ ಆನೇಕಲ್ಲಿಗೆ ಬಂದು ಮುಟ್ಟಿದ. ನಮ್ಮ ಹೊಸೂರಿಗೆ ಅದೆಷ್ಟು ದೂರ ಅಂತ ಬಸ್ಸಲ್ಲಿ ಓಡಾಡೋರಿಗೆ ಹೇಳಬೇಕಾಗಿಲ್ಲ.

ವಾಪಸು ಬರುತ್ತಿದ್ದ ಮಖ್ದೂಮನನ್ನು ಖಂಡೇರಾಯನ ಕಡೆಗಿದ್ದ ಮರಾಠರು ಅಂಚೆಟ್ಟಿಯಲ್ಲಿ ತಡೆದರು. 3 ಲಕ್ಷ ರೂಪಾಯಿ, ಅದರ ಮೇಲೆ ಬಾರಾಮಹಲು ಕೊಡ್ತೀನಿ ಅಂತ ಒಪ್ಪಿ ಹೈದರ ಅವರನ್ನು ಸಾಗಹಾಕಿದ. ಬಾರಾಮಹಲು ಅಂದರೆ ನಮ್ಮ ಕೃಷ್ಣಗಿರಿ ಸೀಮೆ. ಶ್ರೀರಂಗಪಟ್ಟಣದ ಜಗಳಕ್ಕೆ ಒತ್ತೆ ಬಿದ್ದದ್ದು ನಮ್ಮೂರುಗಳು. ಮರಾಠರು ಅತ್ತ ಹೋದ ಮೇಲೆ ಅದನ್ನೂ ಕೊಡಲಿಲ್ಲ.

ಆದರೂ ನಂಜನಗೂಡಿನ ಹತ್ತಿರ ಹೈದರ ಸೋತ. ಆಗ ಅವನು ಹೋಗಿ ಕಾಲು ಹಿಡಿದದ್ದು ಯಾರದು? ತಾನೇ ಇಳಿಸಿದ್ದ ನಂಜರಾಜಯ್ಯನದು. ಮತ್ತೆ ಅಧಿಕಾರಕ್ಕೆ ತರ್ತೀನಿ ಅಂದ. ಆಮೇಲೆ ನಂಜರಾಜಯ್ಯನ ಮುದ್ರೆ ಒತ್ತಿದ ಸುಳ್ಳು ಕಾಗದಗಳು, ಖಂಡೇರಾಯನ ಸರದಾರರ ಹೆಸರಿಗೆ. ಅವು ಬೇಕಂತಲೇ ಖಂಡೇರಾಯನ ಕೈಗೆ ಸಿಗುವಂತೆ ಮಾಡಿದ. ತಾನು ಒಡೆಯನಿಗೆ ಮಾಡಿದ್ದನ್ನು ತನ್ನವರು ತನಗೆ ಮಾಡ್ತಾರೆ ಅಂತ ನಂಬೋಕೆ ಅವನಿಗೆ ಎಷ್ಟು ಹೊತ್ತು ಬೇಕು? ದಂಡು ಬಿಟ್ಟು ಓಡಿದ.

1761ರಲ್ಲಿ ಹೈದರ ಗೆದ್ದ. ಅರಮನೆಯ ಹೆಂಗಸರು ಖಂಡೇರಾಯನ ಜೀವ ಉಳಿಸು ಅಂತ ಕೇಳಿಕೊಂಡರು. ಗಿಣಿಯ ಹಾಗೆ ಸಾಕ್ತೀನಿ ಅಂದನಂತೆ ಹೈದರ. ಮಾತು ತಪ್ಪಲಿಲ್ಲ. ಕಬ್ಬಿಣದ ಪಂಜರದಲ್ಲಿಟ್ಟು, ಹಾಲು ಅನ್ನ ಹಾಕಿಸಿದ, ಅವನು ಸಾಯುವ ತನಕ.

ನಂಜರಾಜಯ್ಯನಿಗೆ ಅಧಿಕಾರ ಮತ್ತೆ ಸಿಗಲಿಲ್ಲ.